ಹದಿನೇಳನೇ ಬೋಗಿ

“ಒಂದು ಮರದ ತುಂಡು ಉಳೀತಲ್ಲ ಟೀಚರಮ್ಮ” ಎಂದಳು ಆಯಮ್ಮ, ಚೀಲವನ್ನು ತಲೆಕೆಳಗು ಮಾಡಿ ಒದರುತ್ತಾ.

ಒಂದನೇ ತರಗತಿಯ ಟೀಚರ್ ಬಣ್ಣದ ಬಟ್ಟಲುಗಳಿಗೆ ನೀರು ಹುಯ್ಯುತ್ತಿದ್ದರು. ತಲೆ ಎತ್ತದೆಯೇ, “ಬಡಗಿ ತಾತ ಧಾರಾಳಿ. ಒಂದು ಜಾಸ್ತಿ ಹಾಕಿರ್ತಾರೆ ಬಿಡಿ” ಎಂದರು.

“ಎಲ್ಲಿಯ ಧಾರಾಳ? ಎದುರಿಗೆ ನಿಂತು ನಾನೇ ಎಣಿಸಿ ಹಾಕಿಸ್ಕೊಂಡಿದ್ದು, ಇಪ್ಪತ್ನಾಲ್ಕು. ಇನ್ನೊಂದಿರ್ಲಿ ಅಂದಿದ್ದಕ್ಕೆ, ‘ಯಾಕೆ, ನೀನೂ ಒಂದನೇ ಕ್ಲಾಸಾ?’ ಅಂದ್ರು ಆ ಮುದುಕಪ್ಪ.”

ಟೀಚರ್ ನಕ್ಕು ಮಕ್ಕಳ ಕಡೆ ತಿರುಗಿದರು. “ಮರದ ತುಂಡು ಸಿಗದವರು ಕೈ ಎತ್ತಿ.” ಇಬ್ಬರು ಎತ್ತಿದರು, ಇಬ್ಬರ ಇನ್ನೊಂದು ಕೈಯಲ್ಲೂ ತುಂಡಿತ್ತು. ಒಂದನೇ ತರಗತಿಯಲ್ಲಿ ಏನು ಕೇಳಿ ಕೈ ಎತ್ತಿಸಿದರೂ ಇಬ್ಬರು ಎತ್ತೇ ಎತ್ತುತ್ತಾರೆ.

ಹೋಗಲಿ ಎಂದು ತಲೆ ಎಣಿಸಿದರು. ಇಪ್ಪತ್ಮೂರು. ಈ ಸಲ ಕಿಟಕಿಯ ಕಡೆಯಿಂದ ಎಣಿಸಿದರು. ಇಪ್ಪತ್ಮೂರೇ. ಕೈ ತೊಳೆಯುವ ಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ರೇಡಿಯೋ ಅಂತ ಎಲ್ಲರೂ ಕರೆಯುವ ಹುಡುಗನ ಪಕ್ಕದ ಪುಟ್ಟ ಕುರ್ಚಿ, ಬೆಳಿಗ್ಗೆ ಬಡಗಿ ಅಂಗಡಿ ನೋಡಲು ಹೊರಡುವಾಗ ತಳ್ಳಿಟ್ಟಂತೆಯೇ, ಮೇಜಿನೊಳಗೆ ಸೇರಿಕೊಂಡಿತ್ತು.

ಅದು ಚಿನ್ನಿಯ ಕುರ್ಚಿ.

ಇರಲಾರದು, ಎಣಿಕೆ ಆಗಿದೆಯಲ್ಲ ಎಂದುಕೊಂಡರು ಟೀಚರ್. ಮರಳಿ ಬರುವಾಗ ಬಡಗಿಯ ಅಂಗಡಿ ಬಾಗಿಲಲ್ಲಿ ಒಂದು ಸಲ, ರಸ್ತೆ ದಾಟಿದ ಮೇಲೆ ಒಂದು ಸಲ, ಶಾಲೆಯ ಗೇಟಿನಲ್ಲಿ ಮತ್ತೊಂದು ಸಲ. ಮೂರು ಸಲವೂ ಇಪ್ಪತ್ನಾಲ್ಕು ಸರಿಯಾಗಿ ಬಂದಿತ್ತು.

ಆ ಎಣಿಕೆ ಅವರೇ ಕಟ್ಟಿದ ಆಟ. ಹೊರಗೆ ಹೊರಟರೆ ಮಕ್ಕಳೆಲ್ಲ ರೈಲು: ಮುಂದಿನವರ ಅಂಗಿ ಹಿಂದಿನವರ ಮುಷ್ಟಿಯಲ್ಲಿ. ಟೀಚರ್ ಇಂಜಿನ್ನು, ಆಯಮ್ಮ ಗಾರ್ಡು. ಪ್ರತಿ ನಿಲ್ದಾಣದಲ್ಲೂ ಬೋಗಿಗಳು ತಮ್ಮ ತಮ್ಮ ನಂಬರ್ ಕೂಗಬೇಕು. ಕೊನೆಯ ಬೋಗಿ ಕೂಗಿದ ಮೇಲೇ ಇಂಜಿನ್ನು ಶಿಳ್ಳೆ ಹಾಕುವುದು. ಶಾಲೆ ಶುರುವಾದ ಮೊದಲ ತಿಂಗಳು ಈ ರೈಲು ದಿನಾ ಹದಿನೇಳರಲ್ಲಿ ನಿಂತುಹೋಗುತ್ತಿತ್ತು. ಹದಿನೇಳು ಎಂದರೆ ಚಿನ್ನಿ. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವ ಆ ಹುಡುಗಿ ಶಾಲೆಯ ಗೇಟು ದಾಟಿದರೆ ತುಟಿ ಹೊಲಿದುಕೊಂಡುಬಿಡುತ್ತಿದ್ದಳು. ಟೀಚರ್ ಪುಸಲಾಯಿಸಿದರು, ಕಾದರು, ಮಂಡಿಯೂರಿ ಕೂತು ಕೇಳಿದರು. ಕಣ್ಣು ತುಂಬಿ ಬರುತ್ತಿತ್ತೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಹದಿನಾರನೇ ಬೋಗಿಯಾದ ರೇಡಿಯೋಗೆ ತಾಳ್ಮೆ ಕೆಟ್ಟಿತು. ತನ್ನ ನಂಬರ್ ಕೂಗಿ, ಅದರ ಹಿಂದೆಯೇ ಗಂಟಲು ಸಣ್ಣ ಮಾಡಿ “ಹದಿನೇಳು” ಅಂದ. ರೈಲು ಹೊರಟಿತು. ಅಂದಿನಿಂದ ಹಾಜರಿಯಲ್ಲೂ ಅವನೇ, ಎಣಿಕೆಯಲ್ಲೂ ಅವನೇ. ಶಾಲೆಯ ದೊಡ್ಡ ಮಿಸ್ ಅದನ್ನು ನೋಡಿ, “ಎಷ್ಟು ಚೆನ್ನಾಗಿ ಒಬ್ಬರಿಗೊಬ್ಬರು ಆಗ್ತಾರೆ ನೋಡಿ” ಎಂದು ಮೆಚ್ಚಿದ್ದರು ಕೂಡ. ಟೀಚರಿಗೂ ಸಾಕಾಗಿತ್ತು. ಗಾಡಿ ಸಾಗಿತಲ್ಲ.

“ರೇಡಿಯೋ, ಇಲ್ಲಿ ಬಾ ಪುಟ್ಟ. ಚಿನ್ನಿ ಎಲ್ಲಿ?”

“ಗೊತ್ತಿಲ್ಲ ಮಿಸ್.”

“ಈಗ ಗೇಟಲ್ಲಿ ಹದಿನೇಳು ಅಂದಿದ್ದು ಯಾರು?”

“ನಾನು. ದಿನಾ ನಾನೇ ಅಲ್ವಾ ಹೇಳೋದು?”

“ಅವಳು ನಿನ್ನ ಹಿಂದೆ ಇದ್ಲಾ?”

ಅವನು ಯೋಚಿಸಿದ. “ಯಾರೋ ಅಂಗಿ ಹಿಡ್ಕೊಂಡಿದ್ರು. ಅದು ಹದಿನೆಂಟು ಅನ್ಸುತ್ತೆ. ಅವನು ಜಗ್ತಾನೆ. ಚಿನ್ನಿ ಮೆತ್ತಗೆ ಹಿಡ್ಕೋತಾಳೆ.”

“ಅವಳು ಇಲ್ಲ ಅಂತ ಗೊತ್ತಿದ್ರೂ ಯಾಕೋ ಮಗನೇ ಹೇಳ್ದೆ?”

“ನೀವು ಚಿನ್ನಿ ಇದ್ದಾಳಾ ಅಂತ ಕೇಳ್ಲಿಲ್ಲ ಮಿಸ್. ನಂಬರ್ ಕೇಳಿದ್ರಿ. ನಾನು ಹೇಳ್ದೆ ಇದ್ರೆ ರೈಲು ನಿಂತೋಗುತ್ತೆ.” ಅವನ ಕೆಳತುಟಿ ನಡುಗತೊಡಗಿತು. “ತಪ್ಪಾಯ್ತಾ?”

“ನಿಂದಲ್ಲ” ಎಂದರು ಟೀಚರ್. “ಎಲ್ಲಿ ತನಕ ಇದ್ಲು ಹೇಳು.”

“ತಾತ ಮಷೀನು ಹಾಕಿದ್ರಲ್ಲ, ಆಗ ಕೈ ಬಿಟ್ಲು. ಕಿವಿ ಮುಚ್ಕೊಂಡ್ಲು. ಆಮೇಲೆ ನಾನು ಮರದ ಸುರುಳಿ ಆರಿಸ್ತಿದ್ದೆ.”

ದೊಡ್ಡ ಮಿಸ್ ವಿಷಯ ಕೇಳಿ ಒಂದೂ ಬೈಗುಳ ಆಡಲಿಲ್ಲ. ಅದೇ ಹೆಚ್ಚು ಹೆದರಿಸಿತು. ಎರಡನೇ ತರಗತಿಯ ಟೀಚರನ್ನು ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಲ್ಲಿಸಿ, ಫೋನು ಕೈಗೆತ್ತಿಕೊಂಡರು.

“ಚಿನ್ನಿ ಅಮ್ಮನಿಗೆ ಈಗಲೇ ಬೇಡ ಮೇಡಂ” ಎಂದರು ಟೀಚರ್. “ಒಂದು ಹತ್ತು ನಿಮಿಷ. ಸಿಕ್ಕಿಬಿಟ್ರೆ...”

“ಸಿಗದೇ ಹೋದ್ರೆ ಆ ಹತ್ತು ನಿಮಿಷಕ್ಕೆ ಯಾರು ಉತ್ತರ ಹೇಳೋದು? ನೀವು ಅಂಗಡಿಗೆ ಓಡಿ. ಬಸ್ಸಿನ ರಸ್ತೆ ಕಡೆ ನಾನು ನೋಡ್ತೀನಿ.”

ಟೀಚರ್ ಓಡಿದರು. ಹಿಂದೆ ಆಯಮ್ಮ, ಏದುಸಿರು ಬಿಡುತ್ತಾ, “ಏನೂ ಆಗಿರಲ್ಲ ಟೀಚರಮ್ಮ, ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗೆ ಆಗುತ್ತೆ ನೋಡಿ, ಅಲ್ಲೇ ಇರ್ತಾಳೆ” ಎಂದು ಯಾರಿಗೆ ಧೈರ್ಯ ಹೇಳುತ್ತಿದ್ದಾಳೆಂದು ತನಗೇ ತಿಳಿಯದಂತೆ ಹೇಳಿಕೊಂಡು ಬರುತ್ತಿದ್ದಳು.

ಬೆಳಿಗ್ಗೆ ಇಪ್ಪತ್ನಾಲ್ಕು ಮಕ್ಕಳೊಂದಿಗೆ ಕಾಲು ಗಂಟೆ ಹಿಡಿದಿದ್ದ ದಾರಿ ಈಗ ಮೂರೇ ನಿಮಿಷಕ್ಕೆ ಮುಗಿಯಿತು. ಬಡಗಿಯ ಅಂಗಡಿಯ ಶಟರ್ ಕೆಳಗಿಳಿದಿತ್ತು. ಬೀಗ ಬಿದ್ದಿತ್ತು.

ಪಕ್ಕದಲ್ಲಿ ಸೈಕಲ್ ರಿಪೇರಿ ಮಾಡುವವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. “ತಾತ ಊಟಕ್ಕೆ ಹೋದ್ರು. ಹನ್ನೆರಡು ಹೊಡೆದ್ರೆ ಅವರು ನಿಲ್ಲೋರಲ್ಲ. ಇನ್ನು ಒಂದು ಗಂಟೆ ಮೇಲೇ.”

“ಒಂದು ಮಗು ಒಬ್ಬಳೇ ಹೊರಗೆ ಬಂದಿದ್ದು ನೋಡಿದ್ರಾ? ನೀಲಿ ರಿಬ್ಬನ್ನು.”

“ಎಲ್ಲ ಹುಡುಗೀರದ್ದೂ ನೀಲಿ ರಿಬ್ಬನ್ನೇ ಅಲ್ವಾ ಮಿಸ್? ಎರಡು ಡಜನ್ ಹೋದ್ವು. ಯಾವುದು ಅಂತ ನೋಡ್ಲಿ?”

ಬೋರ್ಡಿನ ಮೇಲೆ ತಾತನ ಫೋನ್ ನಂಬರಿತ್ತು. ಟೀಚರ್ ಒತ್ತಿದರು. ಶಟರಿನ ಒಳಗಡೆಯೇ ಫೋನು ಹೊಡೆದುಕೊಳ್ಳತೊಡಗಿತು. ಬೇಗ ನಿಲ್ಲಿಸಿದರು, ಸದ್ದಿಗೆ ಹೆದರುವ ಮಗು.

“ಮನೆ ನಂಗೊತ್ತು, ನೀರಿನ ಟ್ಯಾಂಕಿನ ಹಿಂದೆ” ಎಂದು ಆಯಮ್ಮ ಚಪ್ಪಲಿ ಕೈಗೆ ತಗೊಂಡು ಓಡಿದಳು.

ಶಟರು ನೆಲಕ್ಕೆ ಪೂರ್ತಿ ತಾಗಿರಲಿಲ್ಲ, ನಾಲ್ಕು ಬೆರಳಿನಷ್ಟು ಸಂದಿ. ಟೀಚರ್ ನೆಲಕ್ಕೆ ಕೆನ್ನೆಯಿಟ್ಟು ನೋಡಿದರು. ಕತ್ತಲೆ, ಮರದ ಹೊಟ್ಟು, ಬೆಂಚಿನ ಕಾಲು.

“ಚಿನ್ನಿ. ಚಿನ್ನಿ ಕಂದ, ಮಿಸ್ಸು ಬಂದಿದ್ದೀನಿ. ಒಳಗಿದ್ದೀಯಾ?”

ಸಂದಿಗೆ ಕಿವಿಯಿಟ್ಟರು.

“ಮಾತಾಡೋದು ಬೇಡ. ಇದ್ರೆ ಏನಾದ್ರೂ ಒಂದು ಬಡಿ. ಮರ ಬಡಿ, ಸಾಕು.”

ಏನೂ ಇಲ್ಲ. ಈ ಮೌನಕ್ಕೆ ಏನು ಅರ್ಥ ಮಾಡಬೇಕು? ಬೇರೆ ಯಾವ ಮಗುವಾಗಿದ್ದರೂ ಉತ್ತರ ಬರಲಿಲ್ಲವೆಂದರೆ ಒಳಗಿಲ್ಲ ಎಂದೇ ಲೆಕ್ಕ. ಎದ್ದು ಬಸ್ಸಿನ ರಸ್ತೆಗೆ ಓಡಬಹುದಿತ್ತು. ಚಿನ್ನಿ ಒಳಗಿದ್ದರೂ ಇಷ್ಟೇ, ಇಲ್ಲದಿದ್ದರೂ ಇಷ್ಟೇ. ಎಂಟು ತಿಂಗಳಲ್ಲಿ ಆ ಮಗು ತನಗೆ ಒಂದೇ ಒಂದು ಸಲವಾದರೂ ಹೇಗೆ ಹೂಂ ಎಂದಿದೆ, ಹೇಗೆ ಊಹೂಂ ಎಂದಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದರು. ನೆನಪಿಗೆ ಬಂದದ್ದೆಲ್ಲ ರೇಡಿಯೋ. ‘ಅವಳಿಗೆ ಬಾಯಾರಿದೆಯಂತೆ ಮಿಸ್.’ ‘ಅವಳಿಗೆ ಕೆಂಪು ಬಣ್ಣ ಬೇಡವಂತೆ ಮಿಸ್.’ ಅವಳನ್ನು ನೇರವಾಗಿ ಕೇಳುವುದನ್ನು ಅವರು ಯಾವಾಗಲೋ ಬಿಟ್ಟಿದ್ದರು.

ಅಷ್ಟರಲ್ಲಿ ಇನ್ನೊಂದು ವಿಷಯ ಹೊಳೆಯಿತು. ಬೆಳಿಗ್ಗೆ ತಾತ ಗರಗಸದ ಯಂತ್ರ ತೋರಿಸುತ್ತಾ, “ಯಾವ ಗುಂಡಿ ಒತ್ತಿದ್ರೆ ತಿರುಗುತ್ತೆ ಹೇಳಿ ನೋಡೋಣ” ಎಂದಿದ್ದರು. ಹಸಿರು, ಹಸಿರು ಎಂದು ಇಡೀ ತರಗತಿ ಕೂಗಿತ್ತು. ಆ ಗುಂಡಿ ಮಕ್ಕಳ ಎದೆಮಟ್ಟದಲ್ಲಿತ್ತು. ಮೇಲಿನ ಮೇನ್ ಸ್ವಿಚ್ಚು ಆರಿಸಿ ಹೋಗುವ ರೂಢಿ ತಾತನಿಗೆ ಇದೆಯೋ ಇಲ್ಲವೋ.

“ಚಿನ್ನಿ, ಏನನ್ನೂ ಮುಟ್ಟಬೇಡ ಕಂದ” ಎಂದರು ಸಂದಿಗೆ ಬಾಯಿಟ್ಟು. ಖಾಲಿ ಅಂಗಡಿಗೆ ಹೇಳುತ್ತಿದ್ದೇನೆಯೇ ಎಂಬ ಸಂಶಯವೂ ಬಂತು.

ತಿರುವಿನಲ್ಲಿ ಚಿನ್ನಿಯ ಅಮ್ಮ ಕಾಣಿಸಿದಳು. ಔಷಧಿ ಅಂಗಡಿಯ ಬಿಳಿ ಕೋಟು ಬಿಚ್ಚದೆಯೇ ಬಂದಿದ್ದಳು. ಜೇಬಿನಲ್ಲಿ ಕತ್ತರಿ ಹಾಗೇ ಇತ್ತು.

“ಒಳಗಿದ್ದಾಳಾ?”

“ಗೊತ್ತಾಗ್ತಿಲ್ಲ. ಕರೆದೆ, ತುಂಬಾ ಕರೆದೆ.”

“ನೀವು ಕರೆದ್ರೆ ಓಗೊಡ್ತಾಳಾ ಅವಳು?” ಆಕೆ ಶಟರಿನತ್ತ ನೋಡುತ್ತಲೇ ಕೇಳಿದಳು. “ಎಣಿಸಿಕೊಂಡು ಬರಲಿಲ್ವಾ?”

“ಎಣಿಸಿದೆ. ಅವಳ ನಂಬರ್ ಆ ಹುಡುಗ ಹೇಳಿಬಿಟ್ಟ. ದಿನಾ ಅವನೇ ಹೇಳೋದು. ನಾನೇ ಬಿಟ್ಟಿದ್ದೆ.”

ಚಿನ್ನಿಯ ಅಮ್ಮ ಈಗ ಟೀಚರ ಮುಖ ನೋಡಿದಳು. “ಆ ತಿರುವಿನ ತನಕ ಹೋಗಿ.”

“ಏನಂದ್ರಿ?”

“ದೂರ ಹೋಗಿ ಅಂದೆ. ನಿಮ್ಮ ದನಿ ಕೇಳ್ತಾ ಇದ್ರೆ ನನ್ನ ಹತ್ರಾನೂ ಮಾತಾಡಲ್ಲ ಅವಳು. ಅಣ್ಣಾ, ನೀವೂ ಸ್ವಲ್ಪ ಆಚೆ ಹೋಗಿ.”

ಸೈಕಲ್ಲಿನವನು ಒದ್ದೆ ಕೈಯಲ್ಲೇ ಎದ್ದ. ಟೀಚರ್ ಹೊರಟರು. ನಲವತ್ತು ಹೆಜ್ಜೆಯಿದ್ದೀತು ತಿರುವಿಗೆ. ಕಾಲು ಮುಂದೆ ಹೋಗುತ್ತಿತ್ತು, ಕಿವಿಯೆಲ್ಲ ಹಿಂದಕ್ಕಿತ್ತು. ಯಂತ್ರ ಗುರ್ ಎಂದುಬಿಟ್ಟರೆ?

ತಿರುವಿನಲ್ಲಿ ನಿಂತು ನೋಡಿದರು. ಬಿಳಿ ಕೋಟು ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿತ್ತು. ತಲೆ ಅಲುಗುತ್ತಿದ್ದುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆಕೆ ಮಾತು ನಿಲ್ಲಿಸಿ ಕಾದಳು. ಮತ್ತೆ ಏನೋ ಹೇಳಿದಳು, ಕಾದಳು. ಒಂದು ಸ್ಕೂಟರು ಹೋಯಿತು. ಅದರ ಸದ್ದು ಸಾಯುವ ತನಕ ಟೀಚರ್ ಉಸಿರು ಬಿಡಲಿಲ್ಲ. ಮೂರನೇ ಸಲ ಚಿನ್ನಿಯ ಅಮ್ಮ ಕೋಟಿನ ತೋಳು ಮೇಲೇರಿಸಿ ಕೈಯನ್ನು ಸಂದಿಯೊಳಗೆ ತೂರಿಸಿದಳು. ಮಣಿಕಟ್ಟಿನ ತನಕ ಹೋಯಿತು. ಹಾಗೇ ಇತ್ತು. ಹಾಗೇ ಇತ್ತು.

ಆಮೇಲೆ ಆಕೆಯ ಬೆನ್ನು ಒಮ್ಮೆಲೇ ಸಡಿಲವಾಯಿತು.

“ಇದ್ದಾಳೆ” ಎಂದಳು, ಮುಖ ತಿರುಗಿಸದೆ, ಬೀದಿಗೆ ಕೇಳುವಷ್ಟು. “ಅಲ್ಲೇ ಇರಿ. ಬರಬೇಡಿ.”

ಟೀಚರ್ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತರು.

ಬಡಗಿ ತಾತ ಸೈಕಲ್ಲಿನಲ್ಲಿ ಬಂದಾಗ ಕೈಗೆ ಊಟದ ಎಂಜಲು ಹಾಗೇ ಇತ್ತು. ಹಿಂದಿನ ಸೀಟಿನಲ್ಲಿ ಆಯಮ್ಮ, ಚಪ್ಪಲಿಗಳನ್ನು ಎದೆಗವಚಿಕೊಂಡು. ಬೀಗ ತೆಗೆಯುವಾಗ ಕೀಲಿ ಎರಡು ಸಲ ತಪ್ಪಿತು. ಶಟರು ಮೇಲೆದ್ದಿತು. ಚಿನ್ನಿ ಬಾಗಿಲ ಬುಡದಲ್ಲೇ ಹೊಟ್ಟಿನ ಮೇಲೆ ಮಲಗಿದ್ದಳು, ಅಮ್ಮನ ಬೆರಳು ಹಿಡಿದುಕೊಂಡು. ತಲೆಯ ತುಂಬ ಮರದ ಪುಡಿ. ಯಂತ್ರದ ಮೇನ್ ಸ್ವಿಚ್ಚು ಆರಿತ್ತು. ಟೀಚರ್ ತಿರುವಿನಿಂದ ಬಂದವರು ಮೊದಲು ನೋಡಿದ್ದು ಅದನ್ನೇ.

“ಬಣ್ಣ ಇನ್ನೂ ಒಣಗಿಲ್ಲ ನನ್ನ ಬೀರುವಿಗೆ, ಆಗಲೇ ಒಳಗೆ ಸಾಮಾನು ಬಂದುಬಿಟ್ಟಿದೆ” ಎಂದರು ತಾತ, ಬಾಗಿಲು ತೆರೆದಿದ್ದ ಹೊಸ ಬೀರುವಿನೊಳಗೆ ಪುಟ್ಟ ಶೂ ಕಂಡು. ಅವರು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು.

ಚಿನ್ನಿಯ ಅಮ್ಮ ಮಗಳನ್ನೆತ್ತಿಕೊಂಡು ಹೊರಗೆ ಬಂದಳು. ತಗ್ಗಿದ ದನಿಯಲ್ಲಿ ಹೇಳಿದಳು: “ಮಷೀನು ಸದ್ದಿಗೆ ಬೀರುವಿನೊಳಗೆ ಹೋಗಿ ಬಾಗಿಲೆಳ್ಕೊಂಡ್ಲಂತೆ. ಎಣಿಸಿದ್ದು ಕೇಳಿಸ್ತಂತೆ.”

“ಕೇಳಿಸ್ತಾ?”

“ಹದಿನೇಳು ಅಂದಿದ್ದೂ ಕೇಳಿಸ್ತಂತೆ. ‘ನನ್ನ ನಂಬರ್ ಆಯ್ತಲ್ಲಮ್ಮ, ಅದಕ್ಕೆ ಕೂತಿದ್ದೆ’ ಅಂತಾಳೆ.”

ಟೀಚರಿಗೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. “ಇನ್ಮೇಲೆ ನಾನು ನಂಬರ್ ಕೂಗ್ಸಲ್ಲ” ಎಂದರು. “ಒಬ್ಬೊಬ್ಬರನ್ನೂ ಮುಟ್ಟಿ ನೋಡ್ತೀನಿ. ನಾಳೆ ಕಳಿಸ್ತೀರಾ?”

“ನಾಳೆ ಮಾತು ನಾಳೆ.”

“ಅವಳನ್ನೇ ಕೇಳ್ಬಹುದಾ?”

“ನಾನು ಹೇಗೆ ಹೇಳ್ಲಿ? ಕೇಳಿ ನೋಡಿ” ಎಂದಳು ಆಕೆ, ನಡೆಯಲು ಶುರುಮಾಡಿ.

ಚಿನ್ನಿಯ ಒಂದು ಕಾಲಿನಲ್ಲಿ ಶೂ ಇರಲಿಲ್ಲ. ಟೀಚರ್ ಒಳಗೆ ಹೋಗಿ ಬೀರುವಿನ ತಳದ ಅರೆಯಲ್ಲಿ ಬಿದ್ದಿದ್ದ ಅದನ್ನು ತಂದರು, ಹೊಟ್ಟು ಕೊಡವಿ, ಬೇಗ ಬೇಗ ನಡೆದು ಅವರನ್ನು ಸೇರಿಕೊಂಡರು. ಚಿನ್ನಿಯ ಅಮ್ಮ ನಿಂತಳು. ಟೀಚರ್ ಏನೂ ಕೇಳದೆ, ಶೂವನ್ನು ಅಂಗೈಯಲ್ಲಿ ಹಿಡಿದು ಕಾದರು. ಕಾಲು ಅಮ್ಮನ ಕೋಟಿನ ಮರೆಗೆ ಸರಿಯಿತು. ಟೀಚರ್ ಕೈ ಹಿಂದಕ್ಕೆಳೆಯಲಿಲ್ಲ, ರಿಬ್ಬನ್ನಿಗೆ ಅಂಟಿದ್ದ ಮರದ ಪುಡಿಯನ್ನೇ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಆ ಕಾಲು ಕೋಟಿನ ಅಂಚಿನಿಂದ ಮೆಲ್ಲಗೆ ಹೊರಗೆ ಬಂದು, ಬೆರಳು ಮುಂದೆ ಮಾಡಿ, ಶೂವಿನ ಬಾಯಿಗೆ ತಾಗಿ ನಿಂತಿತು.