ಹರಿದ ಕಿವಿಯ ಕರು ಮತ್ತು ಒಂದು ©

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಹೊಸೂರಿನ ಹತ್ತಿರದ ಜೂಜುವಾಡಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳಿಂದ ಎಂದು ಮೊದಲ ಡ್ರಾಫ್ಟಿನಲ್ಲಿ ಬರೆದೆ, ಹರಿದುಹಾಕಿದೆ. (ಧೂಳನ್ನು, ಹಾರನ್ ಸದ್ದನ್ನು ಯಾರು ಬೇಕಾದರೂ ಬರೆದಾರು.) ಪಾಪಣ್ಣನವರಿಂದಲೇ ಶುರು ಮಾಡುತ್ತೇನೆ. ಮೂವತ್ತು ವರ್ಷದಿಂದ ಅಲ್ಲಿ ಲಾರಿಗಳ ಹಿಂಬದಿಗೆ ಚಿತ್ರ ಬರೆಯುತ್ತಾರೆ. ಯಾವಾಗಲೂ ಒಂದೇ ಚಿತ್ರ, ಹಸು ಮತ್ತು ಕರು. ಕರುವಿನ ಎಡಗಿವಿಯ ತುದಿ ಹರಿದಿರುತ್ತದೆ.

೨
ಹೋದ ತಿಂಗಳು ಒಬ್ಬ ಲಾರಿ ಓನರ್ ಸ್ಟಿಕ್ಕರೊಂದನ್ನು ತಂದು, ಇದನ್ನೇ ದೊಡ್ಡದಾಗಿ ಬರೆದುಕೊಡಿ ಎಂದ. ಅದೇ ಹಸು, ಅದೇ ಕರು, ಅದೇ ಹರಿದ ಕಿವಿ. ಯಾರೋ ಇವರ ಚಿತ್ರದ ಫೋಟೊ ಹೊಡೆದು ಪ್ರಿಂಟ್ ಹಾಕಿಸಿದ್ದರು. ಮೂಲೆಯಲ್ಲಿ ©, ಪಕ್ಕದಲ್ಲಿ ಒಂದು ಕಂಪನಿಯ ಹೆಸರು. ಪಾಪಣ್ಣ ತಮ್ಮದೇ ಚಿತ್ರವನ್ನು ನೋಡಿಕೊಂಡು ನಕಲು ಮಾಡಿದರು. ಆ ಗುರುತನ್ನೂ ಹೆಸರನ್ನೂ ಬಿಡಲಿಲ್ಲ.

"ದೃಷ್ಟಿಬೊಟ್ಟು ಅನ್ಕಂಡೆ ಸಾ," ಎಂದರು ನನಗೆ. "ಮೂಲೇಲಿ ಸಣ್ಣಗೆ ಇಕ್ಕವ್ರಲ್ಲ."

೩
(ಇಲ್ಲಿ ಲೇಖಕ ಪಾಠ ಮಾಡುತ್ತಾನೆ. ಆಕಳಿಸಿದರೆ ತಪ್ಪಿಲ್ಲ.) ™ ಅಂದರೆ ಈ ವ್ಯಾಪಾರದ ಗುರುತು ನಮ್ಮದು ಎಂಬ ಹೇಳಿಕೆ. ® ಅಂದರೆ ಆ ಗುರುತು ಸರ್ಕಾರದಲ್ಲಿ ನೋಂದಣಿಯಾಗಿದೆ. © ಚಿತ್ರ, ಹಾಡು, ಕಥೆಗಳದ್ದು. ಅದನ್ನು ಹಾಕದಿದ್ದರೂ ಬರೆದ ಗಳಿಗೆಯಿಂದಲೇ ಹಕ್ಕು ಬರೆದವರದು. ಇಷ್ಟನ್ನು ಕೇಳಿ ಪಾಪಣ್ಣ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದರು.

"ಹಂಗಾರೆ ನನ್ ಕರೂನ ನಾನೇ ಅವ್ರ ಹೆಸ್ರಿಗೆ ಬರ್ಕೊಟ್ಬುಟ್ನಾ?"

ಹಾಗೇನೂ ಹಕ್ಕು ಹೋಗುವುದಿಲ್ಲ ಎಂದೆ. ಆದರೆ ಆ ಲಾರಿ ಆಗಲೇ ಕೃಷ್ಣಗಿರಿ ದಾಟಿ ಹೋಗಿತ್ತು.

೪
ಅಂತ್ಯ ಒಂದು: ಕೇಸು ಹಾಕಿ ಗೆಲ್ಲುತ್ತಾರೆ. (ನನಗೇ ನಂಬಿಕೆ ಬರಲಿಲ್ಲ.) ಅಂತ್ಯ ಎರಡು: ಪಾಪಣ್ಣ ಬ್ರಷ್ ಎಸೆದು ಎದ್ದು ಹೋಗುತ್ತಾರೆ. ಓದಿ ಹೇಳಿದಾಗ ಅವರು ಒಪ್ಪಲಿಲ್ಲ, ನಾಳೆ ಎರಡು ಲಾರಿ ಬರುವುದಿದೆ ಎಂದರು. ಆಮೇಲೆ, ನಿಮ್ಮ ಕಥೆಗೂ ಆ ಬೊಟ್ಟು ಇಡುತ್ತೀರಾ ಎಂದು ಕೇಳಿದರು. ಪುಸ್ತಕವಾದರೆ ಇರುತ್ತದೆ ಎಂದೆ.

"ಪಕ್ಕದಾಗೆ ಯಾರ ಹೆಸ್ರು?"

ನನ್ನದು ಎಂದೆ. ಹೇಳುವಾಗ ನಾಚಿಕೆಯಾಯಿತು.

"ಹಂಗಾರೆ ಕಿವಿ ಯಾಕೆ ಹರೀತು ಅಂತ ಹೇಳಿದ್ನಲ್ಲ, ಅದ್ನ ತೆಗೀರಿ ಸಾ. ಅದು ತೀರ್ಕಂಡ ನನ್ ಮಗಳ ಇಚಾರ."

೫
(ಈ ಭಾಗವನ್ನು ತೆಗೆಯಲಾಗಿದೆ. ಇಡೀ ಕಥೆಯಲ್ಲಿ ಚೆನ್ನಾಗಿ ಬಂದಿದ್ದದ್ದು ಇದೊಂದೇ.)

೬
ಮುಗಿಸದೆ ಹೋಗುತ್ತಿದ್ದೀಯ ಎಂದು ನೀವು ಬೈಯುತ್ತೀರಿ. ಬೈಯಿರಿ. ಹೊಸೂರು ರಸ್ತೆಯಲ್ಲಿ ಯಾವುದಾದರೂ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡರೆ ಕರುವಿನ ಎಡಗಿವಿಯನ್ನು ನೋಡಿ. ಅದು ಹೇಗೆ ಹರಿಯಿತೆಂದು ನನಗೆ ಗೊತ್ತಿದೆ. ಹೇಳುವುದಿಲ್ಲ.