ಕಿವಿಯಣ್ಣನ ಅಂಗೈ

"ಇನ್ನೂ ಒತ್ತೇ!"

ಕಾರಿನೊಳಗೆ ಕೂತ ಹೆಂಡತಿ ಪೆಡಲನ್ನು ಕೂದಲೆಳೆಯಷ್ಟು ಒತ್ತಿದಳು. ಮೂವತ್ತು ವರ್ಷ ಮೋಟಾರುಗಳಿಗೆ ತಂತಿ ಸುತ್ತಿದವಳು. ಪೆಟ್ರೋಲ್ ಎಂಜಿನ್ ಕಿತ್ತ ಜಾಗದಲ್ಲಿ ಕೂತ ಈ ಮೋಟಾರು ಸಣ್ಣಗೆ ಗುಂಯ್‌ಗುಡುವುದು ಅವಳಿಗೆ ಚೆನ್ನಾಗಿಯೇ ಕೇಳುತ್ತಿತ್ತು.

"ತಿರುಗ್ತಾ ಇದೆಯಲ್ರೀ!"

"ನಿದ್ದೆ ಹೋದ್ಯಾ? ಒತ್ತು ಅಂದ್ರೆ!" ಎತ್ತಿದ ಬಾನೆಟ್ಟಿನ ಆಚೆಯಿಂದ ಗಂಡ ಗದರಿದ.

ಊರಿಗೆಲ್ಲ ಅವನು ಕಿವಿಯಣ್ಣ. ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು. ಕಾರು ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅದರ ಕೆಮ್ಮು ಎಲ್ಲಿಯದೆಂದು ಕೂತಲ್ಲೇ ಹೇಳಿಬಿಡುತ್ತಿದ್ದ. ಹೊಗಳಿದವರಿಗೆ, "ದೇವರು ಕೊಟ್ಟ ಕಿವಿ, ನನ್ನದೇನಿದೆ" ಎನ್ನುತ್ತಿದ್ದ. ಹೋದ ವರ್ಷ ಇದ್ದಕ್ಕಿದ್ದಂತೆ ಗ್ಯಾರೇಜು ಮುಚ್ಚಿ, ಹಳೆಯ ಕಾರನ್ನು ಮನೆಯ ಶೆಡ್ಡಿಗೆ ತಂದು, "ಇದನ್ನ ಕರೆಂಟಿಗೆ ಮಾಡೋಣ, ತಂತಿ ನೀನು ನೋಡ್ಕೋ" ಎಂದಿದ್ದ. ಯಾಕೆಂದು ಅವಳು ಕೇಳಿರಲಿಲ್ಲ.

"ಸತ್ತಿದೆ ಇದು." ಅವನು ಬಗ್ಗಿದ. ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ, ಒರೆಸುವ ಬಟ್ಟೆ ಹಿಡಿದ ಅವನ ಕೈ ಕಂಡಿತು. ಮೋಟಾರಿನ ದಂಡಕ್ಕೆ ಇನ್ನೂ ಮುಚ್ಚಳ ಹಾಕಿರಲಿಲ್ಲ. ನುಣುಪು ದಂಡ, ತಿರುಗುವಾಗಲೂ ನಿಂತ ಹಾಗೇ ಕಾಣುತ್ತದೆ.

"ಕೈ ತೆಗೀರಿ! ರೀ, ಕೈ!"

ಪಕ್ಕದ ಮನೆಯ ಕಿಟಕಿ ತೆರೆಯಿತು. ಅವನ ಕೈ ನಿಲ್ಲಲಿಲ್ಲ. ಅವಳು ಕೀಲಿ ತಿರುವಿ ಮೋಟಾರು ನಿಲ್ಲಿಸುವಷ್ಟರಲ್ಲಿ ದಂಡವು ಬಟ್ಟೆಯನ್ನು ಅವನ ಬೆರಳುಗಳಿಂದ ಕಿತ್ತು ಸುತ್ತಿಕೊಂಡಿತ್ತು.

ಓಡಿಬಂದು ಒಂದೊಂದೇ ಬೆರಳು ಮುಟ್ಟಿ ನೋಡಿದಳು. ಐದೂ ಇದ್ದವು.

"ಬಟ್ಟೆ ಜಾರಿತು ಅಷ್ಟೆ." ಅವನು ಬೆನ್ನು ತಿರುಗಿಸಿ ಸ್ಪ್ಯಾನರ್ ಒರೆಸತೊಡಗಿದ.

"ಯಾವಾಗಿಂದ?" ಆ ಬೆನ್ನಿಗೆ ಮೆಲ್ಲಗೆ ಕೇಳಿದಳು.

ಅವನು ಒರೆಸುತ್ತಲೇ ಇದ್ದ. ಇನ್ನೊಮ್ಮೆ, ತುಸು ಜೋರಾಗಿ ಕೇಳಿದಳು. ಒರೆಸುತ್ತಲೇ ಇದ್ದ.

ಅವಳು ದಂಡಕ್ಕೆ ಸಿಕ್ಕ ಬಟ್ಟೆ ಬಿಡಿಸಿ, ಮುಚ್ಚಳ ಹಾಕಿ ಬಿಗಿದಳು. ಅವನ ಬಲಗೈ ಎಳೆದು ತಂದು ಮೋಟಾರಿನ ಮೈಮೇಲೆ ಅಂಗೈ ಊರಿಸಿದಳು. ಒಳಗೆ ಕೂತು, ದೇವರ ಹೆಸರು ಹೇಳಿ ಕೀಲಿ ತಿರುವಿ, ಪೆಡಲಿನ ಮೇಲೆ ಕಾಲಿಟ್ಟಳು.

ಸಂದಿಯಲ್ಲಿ ಕಾಣುತ್ತಿದ್ದ ಕೈ ಬೆಚ್ಚಿತು. ಆಮೇಲೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡು, ನಿದ್ದೆಯ ಮಗುವಿನ ಬೆನ್ನ ಮೇಲಿಟ್ಟ ಹಾಗೆ ನಿಂತವು. ಬಹಳ ಹೊತ್ತು ಹಾಗೇ ಇದ್ದವು.

"ಬುಡದಲ್ಲಿ, ಎಡಗಡೆ ಬೋಲ್ಟು ಸಡಿಲ ಇದೆ ಕಣೇ," ಎಂದ.

ಅವಳು ಕೀಲಿ ತೆಗೆದು ಇಳಿದು ಬಂದು, ಆ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಬಿಗಿದು ನೋಡಿದಳು. ಅರ್ಧ ಸುತ್ತು ಬಂತು.