ಮುನಿಯಕ್ಕನ ಮೇಕೆ ಒಪ್ಪಿದ ಬಿಲ್ಲು

ವಾರಿಜಾ ಇನ್ನೂ ಹೊಟ್ಟೆಯಲ್ಲಿದ್ದಾಗ, ಅಂದರೆ ಅರವತ್ತಮೂರನೇ ಇಸವಿಯಲ್ಲಿ, ನಾನು ನನ್ನ ಹೆಂಡತಿ ಗೌರಮ್ಮನಿಗೆ ಒಂದು ಮಾತು ಕೊಟ್ಟೆ. ಏಳು ತಿಂಗಳ ಬಸುರಿ ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದವಳು, ಯಾಕೋ ಜಿಂಕೆ ಮಾಂಸ ತಿನ್ನಬೇಕು ಅನ್ನಿಸುತ್ತಿದೆ ಎಂದಳು. ಮಾವಿನಕಾಯಿಯನ್ನೋ ಚಕ್ಕುಲಿಯನ್ನೋ ಕೇಳಿದ್ದರೆ ಅವತ್ತೇ ತಂದು ಕೊಡುತ್ತಿದ್ದೆ. ಜಿಂಕೆಗೂ ಅದೇ ದನಿಯಲ್ಲಿ, ತಂದುಕೊಡ್ತೀನಿ ಬಿಡು ಎಂದುಬಿಟ್ಟೆ. ಕದಿರೇನಹಳ್ಳಿಯಲ್ಲಿ ಕೂತವನಿಗೆ ಜಿಂಕೆ ಎಲ್ಲಿ ಸಿಗಬೇಕು? ಎರಡು ತಿಂಗಳು ಕಳೆಯಿತು, ಮಗು ಹುಟ್ಟಿತು, ಮಾತು ಹಾಗೇ ಉಳಿಯಿತು.

ಮಗುವಿಗೆ ಮೂರು ವರ್ಷವಾದಾಗ ಎಡಗಿವಿ ಸೋರತೊಡಗಿತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎನ್ನುವುದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ನನ್ನ ತಾಯಿ ನಾರಾಯಣಮ್ಮ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಮಗುವಿನ ಕಿವಿಗೆ ಬಿಡುವಾಗಲೆಲ್ಲ, ಎಣ್ಣೆ ಬಿಡಬೇಕಾದದ್ದು ಇವನ ಕಿವಿಗೆ ಎನ್ನುವ ಹಾಗೆ ನನ್ನ ಕಡೆ ನೋಡುತ್ತಿದ್ದಳು. ಸೋರುವುದು ನಿಲ್ಲುತ್ತಿತ್ತು, ಮಳೆಗಾಲ ಬಂದರೆ ಮತ್ತೆ ಶುರುವಾಗುತ್ತಿತ್ತು. ವಾರಿಜಾ ಮೂರನೇ ಕ್ಲಾಸಿಗೆ ಬಂದಾಗ ಮೇಷ್ಟರು ಹೇಳಿ ಕಳಿಸಿದರು: ಕರೆದರೆ ಹುಡುಗಿ ಬಲಗಡೆಗೇ ತಿರುಗುತ್ತಾಳೆ, ಹಿಂದಿನ ಬೆಂಚಿನಲ್ಲಿ ಕೂತರೆ ಅರ್ಧ ಪಾಠ ಕೇಳಿಸುವುದಿಲ್ಲ.

ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದೆ. ಗೌರಮ್ಮ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿದಳು.

"ಮೊದಲು ನೀವು ಕೊಟ್ಟ ಮಾತು ನಡೆಸಿ. ಡಾಕ್ಟ್ರು ಆಮೇಲೆ. ಮೂಲ ಹಾಗೇ ಇಟ್ಕೊಂಡು ಮೇಲೆ ಔಷಧಿ ಹಾಕಿದ್ರೆ ಹತ್ತುತ್ತಾ?"

ಅವಳನ್ನು ಮೀರಿ ಮಗುವನ್ನು ಕರೆದುಕೊಂಡು ಹೋಗಬಹುದಿತ್ತು. ಆದರೆ ಮಾತು ತಪ್ಪಿದವನಿಗೆ ಮನೆಯಲ್ಲಿ ದನಿ ಎಲ್ಲಿರುತ್ತದೆ? ಎಪ್ಪತ್ತೆರಡರ ಯುಗಾದಿ ಹತ್ತಿರ ಬಂದಿತ್ತು. ಜಿಂಕೆ ಹೊಡೆಯುವುದನ್ನು ಪೂರ್ತಿ ನಿಲ್ಲಿಸುವ ಕಾನೂನು ಬರುತ್ತದಂತೆ ಎಂದು ಆಗಲೇ ಸುದ್ದಿ ಇತ್ತು. ಬರುವ ಹೊಸತೊಡಕಿಗೇ ಇದನ್ನು ಮುಗಿಸಿಬಿಡಬೇಕು ಎಂದು ತೀರ್ಮಾನ ಮಾಡಿದೆ. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಮನೆಮನೆಯಲ್ಲೂ ಬಾಡು ಬೇಯುತ್ತದೆ. ಹಿಂದೆಲ್ಲ ಗಂಡಸರು ಅವತ್ತು ಬೇಟೆಗೆ ಹೋಗುವುದೂ ಇತ್ತು.

ಗೌರಮ್ಮನ ದೊಡ್ಡಪ್ಪನ ಮಗ ಬೈಲಪ್ಪ ಬನ್ನೇರುಘಟ್ಟದ ಆಚೆ ಕಾಡಂಚಿನಲ್ಲಿ ಹೊಲ ಮಾಡಿಕೊಂಡಿದ್ದ. ಅವನ ಹೊಲದ ಕೆಳಗೆ ಒಂದು ಕುಂಟೆ. ಬೇಸಿಗೆಯಲ್ಲಿ ಬೆಳಗಿನ ಜಾವ ಜಿಂಕೆಗಳು ನೀರಿಗೆ ಬರುತ್ತವೆ ಎಂದು ಅವನೇ ಹೇಳಿದ್ದ. ಆದರೆ ಬಂದೂಕಿನ ಮಾತು ಎತ್ತಿದರೆ ಕೈ ಮುಗಿದುಬಿಟ್ಟ. ಒಂದು ಸಲ ಢಂ ಅಂದರೆ ಹದಿನೈದು ದಿನ ಒಂದು ಪ್ರಾಣಿಯೂ ಇತ್ತ ಸುಳಿಯುವುದಿಲ್ಲ, ಊರಿನವರೂ ನನ್ನ ಸುಮ್ಮನೆ ಬಿಡುವುದಿಲ್ಲ. ಬಿಲ್ಲು ತಾ, ಅದರಲ್ಲೂ ಸದ್ದಿಲ್ಲದ ಬಿಲ್ಲು ತಾ ಎಂದ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಮೊಲಕ್ಕೆ ಬಿಲ್ಲು ಹಿಡಿದವನು ನಾನು, ಕೈಗೆ ಗುರಿ ಇನ್ನೂ ಮರೆತಿರಲಿಲ್ಲ. ಬಿಲ್ಲನ್ನು ಮಾತ್ರ ಹುಡುಕಬೇಕಿತ್ತು.

ಸುದ್ದಗುಂಟೆಪಾಳ್ಯದಲ್ಲಿ ಪಿಳ್ಳಣ್ಣ ಎಂಬ ಮುದುಕ ಮೊರ, ಮಂಕರಿ ಹೆಣೆಯುತ್ತಿದ್ದ. ಕೇಳಿದವರಿಗೆ ಬಿಲ್ಲನ್ನೂ ಮಾಡಿಕೊಡುತ್ತಿದ್ದ, ಕೇಳುವವರು ವರ್ಷಕ್ಕೆ ಒಬ್ಬರೋ ಇಬ್ಬರೋ. ನಾನು ಹೋಗಿ ಹೇಳಿದ ಮೇಲೆ ಸೂರಿನಿಂದ ಮೂರು ಬಿಲ್ಲು ಇಳಿಸಿ ಧೂಳು ಒರೆಸಿದ. ಮೂರೂ ಬಿದಿರಿನವು, ಕತ್ತಾಳೆ ನಾರಿನ ಹೆದೆ. ಒಂದು ನನ್ನ ಎತ್ತರಕ್ಕಿಂತಲೂ ಉದ್ದ, ದಪ್ಪ, ನೋಡಿದರೆ ಹೊರೆ ಹೊರುವ ಅಡ್ಡೆಯ ಹಾಗಿತ್ತು. ಒಂದು ಮಧ್ಯಮ. ಇನ್ನೊಂದು ನನ್ನ ಎದೆಯವರೆಗೆ ಬರುವಂಥದ್ದು, ತುದಿಗಳು ಬಾಗಿ ಚೆಂದವಾಗಿತ್ತು.

ಯಾವುದು ಸದ್ದು ಮಾಡುವುದಿಲ್ಲ ಎಂದು ಕೇಳಿದೆ. ಉದ್ದದ್ದು ನಿಧಾನಕ್ಕೆ ತಳ್ಳುತ್ತೆ, ಗಿಡ್ಡದ್ದು ಒದೆಯುತ್ತೆ. ಒದೆಯುವುದಕ್ಕೆ ಬಾಯಿ ಜಾಸ್ತಿ ಎಂದ ಪಿಳ್ಳಣ್ಣ. ಹೆದೆಯ ಎರಡು ಕೊನೆಗೂ ಒಂದೊಂದು ಚಿಟಿಕೆ ಕುರಿ ಉಣ್ಣೆ ಕಟ್ಟಿದರೆ ಇನ್ನೂ ಮೆತ್ತಗಾಗುತ್ತದೆ ಎಂದೂ ಹೇಳಿದ. ನಾನು ಮೂರನ್ನೂ ಎಳೆದು ಬಿಟ್ಟು ನೋಡಿದೆ. ನನಗೆ ಯಾವುದೂ ಕೇಳಿಸಲಿಲ್ಲ. ಹನ್ನೊಂದು ವರ್ಷದಿಂದ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ರಿವೆಟ್ ಹೊಡೆಯುತ್ತಿದ್ದವನು ನಾನು. ಸಂಜೆ ಮನೆಗೆ ಬಂದ ಮೇಲೂ ಒಂದು ಗಂಟೆ ತಗಡಿನ ಸದ್ದೇ ತಲೆಯಲ್ಲಿ ಇರುತ್ತಿತ್ತು.

ಪಿಳ್ಳಣ್ಣ ನನ್ನ ಮುಖ ನೋಡಿ, "ಬಿಡೋನ ಕಿವಿ ಲೆಕ್ಕಕ್ಕಿಲ್ಲ ಬೈರಣ್ಣ. ಮೂರೂ ತಗೊಂಡ್ಹೋಗಿ ಒಂದು ಮೇಕೆ ಹಿಂದೆ ನಿಂತ್ಕೊಂಡು ಬಿಡು. ಅದು ಕಿವಿ ನಿಗುರಿಸದಿದ್ರೆ ಜಿಂಕೆನೂ ನಿಗುರಿಸಲ್ಲ. ನನ್ನ ಕೇಳಿದ್ರೆ ಉದ್ದದ್ದೇ ತಗೊ. ನೀನೆಲ್ಲಿ ಕೇಳ್ತೀಯಾ" ಎಂದ.

ಮೇಕೆ ನಮ್ಮ ಪಕ್ಕದ ಮನೆಯಲ್ಲೇ ಇತ್ತು. ಮುನಿಯಕ್ಕನ ಕರಿ ಮೇಕೆ, ಕಿವಿ ಒಂದೊಂದೂ ಅಂಗೈಯಷ್ಟು ಅಗಲ. ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ, ಎರಡು ಹೊತ್ತು ನಾನು ಆ ಮೇಕೆಯ ಹಿಂದೆ ಹದಿನೈದು ಹೆಜ್ಜೆ ದೂರದಲ್ಲಿ ಕುಕ್ಕರಗಾಲಲ್ಲಿ ಕೂತೆ. ಆ ಕಡೆ ಹುಲ್ಲಿನ ಮೆದೆಗೆ ಬಾಣ ಬಿಟ್ಟೆ. ಮುನಿಯಕ್ಕ ಹೊಸಿಲ ಮೇಲೆ ಕೂತು, ಮೇಕೆಗೆ ಗಂಡು ನೋಡಲು ಬಂದವನ ಹಾಗೆ ಕೂತಿದ್ದೀಯಲ್ಲೋ ಎಂದು ಹಂಗಿಸಿದಳು. ವಾರಿಜಾ ನನ್ನ ಪಕ್ಕ ಕೂತು ಎಣಿಸುವ ಕೆಲಸ ವಹಿಸಿಕೊಂಡಳು. ಉದ್ದದ ಬಿಲ್ಲಿಗೆ ಹತ್ತು ಬಾಣ: ಮೇಕೆ ಕಿವಿ ಆಡಿಸಲಿಲ್ಲ. ಮಧ್ಯಮದ್ದಕ್ಕೆ ಹತ್ತು: ಆಡಿಸಲಿಲ್ಲ. ಗಿಡ್ಡದ್ದಕ್ಕೆ ಹತ್ತು: ಮೇಕೆ ಮಲಗಿ ಮೆಲುಕು ಹಾಕತೊಡಗಿತು.

ಮೂರೂ ಒಂದೇ ಎಂದ ಮೇಲೆ ಉದ್ದದ್ದನ್ನು ಯಾಕೆ ಹೊರಬೇಕು? ಬಸ್ಸಿನ ಬಾಗಿಲಲ್ಲೇ ಹಿಡಿಸುವುದಿಲ್ಲ. ಗಿಡ್ಡದ್ದೇ ಸರಿ ಎಂದೆ. ಉಣ್ಣೆಯನ್ನೂ ಕಟ್ಟಲಿಲ್ಲ, ಮೇಕೆ ಒಪ್ಪಿದ ಮೇಲೆ ಅದರ ಅಗತ್ಯ ಕಾಣಲಿಲ್ಲ. ಉಳಿದ ಎರಡನ್ನೂ ವಾಪಸು ಕೊಡಲು ಹೋದಾಗ ಪಿಳ್ಳಣ್ಣ ಅವನ್ನು ಸೂರಿಗೆ ಸಿಕ್ಕಿಸಿ ಮಂಕರಿ ಹೆಣೆಯುವುದನ್ನು ಮುಂದುವರಿಸಿದ.

ಯುಗಾದಿಯ ದಿನ ಬೇವು ಬೆಲ್ಲ ತಿಂದು, ಹೋಳಿಗೆ ಊಟ ಮುಗಿಸಿ, ಬಿಲ್ಲಿಗೆ ಹಳೆಯ ಪಂಚೆ ಸುತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ಕಂಡಕ್ಟರು ಅದನ್ನು ಮುಟ್ಟಿ ನೋಡಿ, ಏನ್ ಸಾರ್, ಏಕನಾದಾನಾ, ಒಂದು ತತ್ವಪದ ಆಗಲಿ ಎಂದ. ಹಿಂದಿನ ಸೀಟಿನವರೂ ಹಾಡಿ ಹಾಡಿ ಎಂದರು. ಗಂಟಲು ಕೆಟ್ಟಿದೆ ಎಂದು ಹೇಳಿ ಪಾರಾದೆ.

ಬೆಳಗಿನ ಜಾವ ಬೈಲಪ್ಪನೂ ನಾನೂ ಕುಂಟೆಯ ಪಕ್ಕ ಲಂಟಾನದ ಪೊದೆಯೊಳಗೆ ಸೇರಿಕೊಂಡೆವು. ಗಾಳಿ ನಮ್ಮ ಮುಖಕ್ಕೆ ಬೀಸುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಮೂರು ಹೆಣ್ಣು ಜಿಂಕೆ ಬಂದವು, ಅವುಗಳ ಹಿಂದೆ ಒಂದು ಕೊಂಬಿನ ಗಂಡು. ಗಂಡು ಇಪ್ಪತ್ತು ಹೆಜ್ಜೆ ದೂರದಲ್ಲಿ ಅಡ್ಡ ನಿಂತು ನೀರಿಗೆ ಬಾಯಿ ಹಾಕಿತು. ಅದರ ಹೊಟ್ಟೆಯ ಮೇಲಿನ ಚುಕ್ಕೆಗಳನ್ನು ಎಣಿಸಬಹುದಿತ್ತು. ಎಂಟು ವರ್ಷದ ಮಾತು ಇನ್ನೊಂದು ಉಸಿರಿಗೆ ತೀರುತ್ತದೆ ಎಂದುಕೊಂಡು ಹೆದೆ ಎಳೆದು ಬಿಟ್ಟೆ.

ಆ ನಿಶ್ಶಬ್ದದಲ್ಲಿ ನನಗೂ ಕೇಳಿಸಿತು. ಟಣ್ ಎಂದಿತು ಬಿಲ್ಲು, ದೇವಸ್ಥಾನದ ಜಾಗಟೆಗೆ ಬೆರಳು ಬಡಿದ ಹಾಗೆ. ಬಾಣ ಇನ್ನೂ ದಾರಿಯಲ್ಲಿತ್ತು. ಜಿಂಕೆ ಆಗಲೇ ನೆಲ ಬಿಟ್ಟಿತ್ತು. ಬಾಣ ನೀರಿನ ಮೇಲೆ ಜಾರಿ ಆಚೆ ದಡದ ಕೆಸರಿಗೆ ನಾಟಿತು. ಕುಂಟೆಯ ಹತ್ತಿರ ಕೊಕ್ಕರೆಯೂ ಉಳಿಯಲಿಲ್ಲ.

ಬೈಲಪ್ಪ ಹೋಗಿ ಕೆಸರಿನಿಂದ ಬಾಣ ಕಿತ್ತು ತಂದ. ಮನೆಗೆ ಬಂದ ಮೇಲೆ ಬಿಲ್ಲನ್ನು ಇಸಿದುಕೊಂಡು ತನ್ನ ಕುರಿಹಟ್ಟಿಯ ಹಿಂದೆ ನಿಂತು ಒಂದು ಬಾಣ ಬಿಟ್ಟ. ಹನ್ನೆರಡು ಮೇಕೆಯೂ ಒಟ್ಟಿಗೆ ಕಿವಿ ನಿಗುರಿಸಿ ಹಿಂದಕ್ಕೆ ತಿರುಗಿದವು.

"ಇದನ್ನ ಮೇಕೆ ಹಿಂದೆ ಬಿಟ್ಟು ನೋಡ್ದೆ ಅಂದ್ಯಲ್ಲ ಭಾವ. ಆ ಮೇಕೆ ಎಲ್ಲಿ ಮೇಯುತ್ತೆ?"

"ನಮ್ಮನೆ ಹಿಂದಿನ ಬಂಡೆ ಹತ್ರ."

"ಅಲ್ಲೇನು ಬಂಡೆ ಸಿಡಿಸ್ತಾರಾ?"

ಹೂಂ, ಸಿಡಿಸ್ತಾರೆ ಎಂದೆ. ಹೊಸ ಬಡಾವಣೆಯ ಸೈಟುಗಳಿಗೆ, ಚರಂಡಿಗೆ, ತಳಪಾಯಕ್ಕೆ ಎಂದು ಮೂರು ವರ್ಷದಿಂದ ದಿನಕ್ಕೆ ಎರಡು ಸಲ ಅಲ್ಲಿ ಮದ್ದು ಇಡುತ್ತಿದ್ದರು. ನಮ್ಮ ಮನೆಯ ಹೆಂಚು ಅದುರುತ್ತಿತ್ತು, ಮುನಿಯಕ್ಕನ ಮೇಕೆ ಆ ಸದ್ದಿನಲ್ಲೇ ಹುಟ್ಟಿ ಬೆಳೆದಿತ್ತು. ಅದರ ಹಿಂದೆ ಫಿರಂಗಿ ಹೊಡೆದಿದ್ದರೂ ಮೆಲುಕು ನಿಲ್ಲಿಸುತ್ತಿರಲಿಲ್ಲ. ಬೈಲಪ್ಪ ಜಗಲಿಯ ಕಂಬ ಹಿಡಿದು ನಕ್ಕ. ಅವನ ಹೆಂಡತಿ ಒಳಗಿಂದ ಬಂದು ವಿಷಯ ಕೇಳಿ ಕೂತುಕೊಂಡೇ ನಕ್ಕಳು.

ಅವತ್ತು ಅವರ ಊರಿನಲ್ಲಿ ಚೀಟಿ ಹಾಕಿ ಕೂಡಿಸಿದ ದುಡ್ಡಲ್ಲಿ ಕುರಿ ತಂದು ಕಡಿದು, ಮುತ್ತುಗದ ಎಲೆಯ ಮೇಲೆ ಗುಡ್ಡೆ ಗುಡ್ಡೆಯಾಗಿ ಪಾಲು ಹಾಕಿದ್ದರು. ಬೈಲಪ್ಪ ತನ್ನ ಗುಡ್ಡೆಯಲ್ಲಿ ಅರ್ಧ ಕಟ್ಟಿಕೊಟ್ಟ. ಜಿಂಕೆ ಅಂತ ಹೇಳು, ಅವಳೇನು ಜಿಂಕೆ ತಿಂದು ನೋಡಿದ್ದಾಳಾ, ಮಗುವನ್ನು ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು ಎಂದ. ಮಾತು ಸರಿಯಾಗಿಯೇ ಇತ್ತು. ದಾರಿಯುದ್ದಕ್ಕೂ ನಾನು ಅದನ್ನೇ ಅಭ್ಯಾಸ ಮಾಡಿಕೊಂಡು ಬಂದೆ: ಗಂಡು ಜಿಂಕೆ, ಇಪ್ಪತ್ತು ಹೆಜ್ಜೆ, ಒಂದೇ ಬಾಣ. ಬಸ್ಸಿಳಿದು ಮನೆ ತಿರುವಿಗೆ ಬರುವ ತನಕ ಬಾಯಿಪಾಠ ಚೆನ್ನಾಗಿತ್ತು.

ಗೌರಮ್ಮ ಆಗಲೇ ಖಾರ ಅರೆದಿಟ್ಟುಕೊಂಡು ಒಲೆಯ ಮುಂದೆ ಕಾಯುತ್ತಿದ್ದಳು. ಎಲೆಯ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಅಷ್ಟು ನಂಬಿಕೆಯಿಂದ ಇಸಿದುಕೊಂಡವಳ ಎದುರು ನನ್ನ ಬಾಯಿಪಾಠ ಹೊರಡಲಿಲ್ಲ.

"ಅದು ಜಿಂಕೆ ಅಲ್ಲ. ಕುರಿ. ನಿಮ್ಮಣ್ಣನ ಪಾಲು" ಎಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಕುಂಟೆ, ಟಣ್ ಎಂದ ಬಿಲ್ಲು, ಬೈಲಪ್ಪನ ಹನ್ನೆರಡು ಮೇಕೆ, ನಮ್ಮ ಬಂಡೆ. ಸಿಟ್ಟಾಗುತ್ತಾಳೆ ಎಂದು ಕಾದರೆ ಗೌರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗೋಡೆಗೆ ಒರಗಿದ್ದ ನನ್ನ ತಾಯಿಯೂ ನಕ್ಕಳು. ಮಗುವಿನ ಕಿವಿ ಸೋರತೊಡಗಿದ ಮೇಲೆ ನನ್ನನ್ನು ನೋಡಿ ಅವಳು ನಕ್ಕದ್ದು ಅದೇ ಮೊದಲು. ವಾರಿಜಾ ತಲೆ ಓರೆ ಮಾಡಿ, ಬಲಗಿವಿ ನಮ್ಮ ಕಡೆಗಿಟ್ಟು, ಏನು ಏನು ಎಂದು ಕೇಳುತ್ತಿದ್ದಳು. ಅದನ್ನು ನೋಡಿ ಗೌರಮ್ಮನ ನಗು ನಿಂತಿತು.

"ಮೇಕೆ ಕಿವಿ ನೋಡ್ಕೊಂಡು ಎರಡು ಹೊತ್ತು ಕುಕ್ಕರಗಾಲಲ್ಲಿ ಕೂತಿದ್ರಿ" ಎಂದಳು. "ಈ ಮಗು ಕಿವಿ ಒಳಗೆ ಏನಿದೆ ಅಂತ ಇವತ್ತಿನವರೆಗೂ ಒಬ್ರೂ ನೋಡಿಲ್ಲ. ನಾನೂ ನೋಡಲಿಲ್ಲ. ಸೋಮವಾರ ರಜಾ ಹಾಕಿ."

ಸೋಮವಾರ ಮೂವರೂ ಹೋದೆವು. ಡಾಕ್ಟರು ಸಣ್ಣ ದೀಪ ಹಿಡಿದು ನೋಡಿ, ಕಿವಿಯ ತಮಟೆಯಲ್ಲಿ ತೂತಿದೆ, ಎಣ್ಣೆ ಬಿಡುವುದನ್ನು ಇವತ್ತೇ ನಿಲ್ಲಿಸಿ ಎಂದರು. ಐದು ತಿಂಗಳು ಓಡಾಡಿದೆವು. ಆ ವರ್ಷದ ಮಳೆಗಾಲದ ಕೊನೆಗೆ ಕಿವಿ ಒಣಗಿತ್ತು. ಎಡಗಿವಿಗೆ ಪೂರ್ತಿ ಕೇಳುವುದಿಲ್ಲ, ಆದರೆ ಆ ಕಡೆಯಿಂದ ಕರೆದರೂ ತಿರುಗುತ್ತಾಳೆ.

ಕಾನೂನೂ ಬಂತು. ಗೌರಮ್ಮನಿಗೆ ಜಿಂಕೆ ಮಾಂಸ ತಂದುಕೊಡುತ್ತೇನೆಂದು ಹೇಳಿದ್ದೆ. ತಂದುಕೊಡಲಿಲ್ಲ.